ಮರಳುಗಲ್ಲಿನ ಸಾಲುಮನೆ

ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ನಿಂತು ತಲೆಯೆತ್ತಿದವರು ಮೊದಲು ಕಾಣುವುದು ಬಣ್ಣದ ಗಾಜಿನ ನವಿಲುಗಳನ್ನು. ಆ ಗಾಜಿನ ಸೂರನ್ನು ಹೊತ್ತು ನಿಂತಿರುವ ಎರಕದ ಕಬ್ಬಿಣದ ಕಂಬಗಳ ಕಡೆಗೆ ದೃಷ್ಟಿ ಹರಿಯುವುದು ಆಮೇಲೆ. ಆ ಕಂಬಗಳು ಎರಕಗೊಂಡದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಮ್ಯಾಕ್‌ಫರ್ಲೇನ್ ಕಂಪನಿಯ ಕಾರ್ಖಾನೆಯಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ಗ್ಲಾಸ್ಗೋ ಹಡಗು, ರೈಲು ಎಂಜಿನು, ಕಬ್ಬಿಣದ ಕಂಬ ಕಟಾಂಜನಗಳನ್ನು ಲೋಕಕ್ಕೆಲ್ಲ ಮಾರಿದ ಊರು. ಆದರೆ ತನ್ನ ಸಂಸಾರಗಳಿಗೆ ಮನೆ ಕಟ್ಟಿಕೊಳ್ಳುವಾಗ ಅದು ನೆಚ್ಚಿದ್ದು ಕಬ್ಬಿಣವನ್ನಲ್ಲ, ತನ್ನ ಕಾಲ ಕೆಳಗೇ ದೊರೆಯುತ್ತಿದ್ದ ಮರಳುಗಲ್ಲನ್ನು. ಆ ಕಲ್ಲಿನಲ್ಲಿ ಕಟ್ಟಿದ ಒಂದು ಮನೆಸಾಲಿನ ವಿಚಾರವನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

'ಟೆರೇಸ್' ಎಂದರೆ ನಮಗೆ ತಾರಸಿ. ಹಪ್ಪಳ ಒಣಗಿಸುವ, ಬೇಸಗೆಯ ರಾತ್ರಿ ಹಾಸಿಗೆ ಹಾಸುವ ಜಾಗ. ಇಂಗ್ಲಿಷಿನಲ್ಲಿ ಆ ಮಾತಿಗೆ ಬೇರೊಂದು ಅರ್ಥವೂ ಉಂಟು. ಒಂದಕ್ಕೊಂದು ಅಂಟಿಕೊಂಡು, ಎರಡೆರಡು ಮನೆಗಳ ನಡುವೆ ಒಂದೊಂದೇ ಗೋಡೆಯನ್ನು ಹಂಚಿಕೊಂಡು, ಬೀದಿಗೆ ಒಂದೇ ಮುಖವನ್ನು ತೋರಿಸುವ ಮನೆಗಳ ಸಾಲಿಗೂ ಅಲ್ಲಿ ಟೆರೇಸ್ ಎಂದೇ ಹೆಸರು. ನಮ್ಮ ಅಗ್ರಹಾರಗಳಲ್ಲಿಯೂ ಗೋಡೆಗೆ ಗೋಡೆ ತಾಗಿದ ಮನೆಗಳಿವೆಯಲ್ಲ ಎಂದು ಕೇಳಬಹುದು. ಇವೆ. ಆದರೆ ಅಲ್ಲಿ ಒಬ್ಬನ ಜಗುಲಿ ಎತ್ತರ, ಇನ್ನೊಬ್ಬನದು ತಗ್ಗು. ಒಬ್ಬನ ಬಾಗಿಲವಾಡದಲ್ಲಿ ಕೆತ್ತನೆ, ಇನ್ನೊಬ್ಬನದು ಬೋಳು. ಅವು ನೆರೆಹೊರೆಯಾಗಿ ಬೆಳೆದ ಮನೆಗಳು. ಟೆರೇಸಾದರೋ ಒಬ್ಬ ವಾಸ್ತುಶಿಲ್ಪಿಯ ಒಂದೇ ನಕ್ಷೆಯಿಂದ ಒಟ್ಟಿಗೆ ಹುಟ್ಟಿದ್ದು.

ಈ ಪದ್ಧತಿಯ ಹಿಂದೆ ಲೆಕ್ಕಾಚಾರವೂ ಇದೆ, ಸ್ವಲ್ಪ ಜಂಭವೂ ಇದೆ. ಬಿಡಿಮನೆಗೆ ನಾಲ್ಕು ಹೊರಗೋಡೆ ಬೇಕು. ಸಾಲಿನ ನಡುವಣ ಮನೆಗೆ ಎರಡು ಸಾಕು. ಬೀದಿಯ ಮೇಲಣ ಬೆಲೆಬಾಳುವ ನೆಲ ಉಳಿಯುತ್ತದೆ. ನಡುಗೋಡೆಯ ಎರಡು ಮಗ್ಗುಲಿಗೂ ಅಗ್ಗಿಷ್ಟಿಕೆಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ಕಟ್ಟಿದರೆ ಎರಡು ಮನೆಗಳ ಹೊಗೆಯೂ ಒಂದೇ ಗೂಡಿನೊಳಗೆ ಏರುತ್ತದೆ, ಎರಡರ ಬಿಸಿಯೂ ಗೋಡೆಯಲ್ಲಿ ನಿಲ್ಲುತ್ತದೆ. ಇದು ಲೆಕ್ಕಾಚಾರ. ಜಂಭದ ಕಥೆಗೆ ಇಂಗ್ಲೆಂಡಿನ ಬಾತ್ ನಗರಕ್ಕೆ ಹೋಗಬೇಕು. 1767ರಿಂದ 1775ರ ವರೆಗೆ ಕಿರಿಯ ಜಾನ್ ವುಡ್ ಅಲ್ಲಿ ರಾಯಲ್ ಕ್ರೆಸೆಂಟ್ ಎಂಬ ಬಾಲಚಂದ್ರಾಕಾರದ ಸಾಲೊಂದನ್ನು ಕಟ್ಟಿದ. ಮೂವತ್ತು ಮನೆಗಳು, ದೂರದಿಂದ ನೋಡಿದವನಿಗೆ ಒಂದೇ ಅರಮನೆ. ಅರಮನೆಯನ್ನು ಒಬ್ಬಂಟಿಯಾಗಿ ಕಟ್ಟಿಸಲಾರದ ಮೂವತ್ತು ಜನ ಕೂಡಿ ಒಂದು ಅರಮನೆಯ ಮುಖವನ್ನು ಧರಿಸಿದರು ಎನ್ನಬಹುದು. ಅರಮನೆಗೆ ನಡು ಬೇಕು, ತುದಿ ಬೇಕು. ಆದ್ದರಿಂದ ಇಂಥ ಅನೇಕ ಸಾಲುಗಳಲ್ಲಿ ನಡುವಿನ ಮನೆಗೆ ಹೆಚ್ಚಿನ ಕಂಬ, ತುದಿಯ ಮನೆಗೆ ಒಂದಿಷ್ಟು ಠೀವಿ. ಉಳಿದವು ಪರಿವಾರದಂತೆ ನಿಂತವು.

ವಿಕ್ಟೋರಿಯಾ ಕಾಲಕ್ಕೆ ಬರುವಷ್ಟರಲ್ಲಿ ಈ ರೂಪ ಬಹುಮಟ್ಟಿಗೆ ಸವಕಲಾಗಿತ್ತು. ಅದನ್ನು ಹೊಸದಾಗಿ ಕಂಡವನು ಗ್ಲಾಸ್ಗೋದ ಅಲೆಕ್ಸಾಂಡರ್ ಥಾಮ್ಸನ್. ಗ್ರೀಸಿನ ವಾಸ್ತುವಿನ ಮೇಲಣ ಅವನ ಮಮತೆಯಿಂದಾಗಿ 'ಗ್ರೀಕ್ ಥಾಮ್ಸನ್' ಎಂದೇ ಅವನಿಗೆ ಹೆಸರು. ಆದರೆ ಅವನು ಗ್ರೀಸನ್ನು ಕಂಡವನಲ್ಲ. ಗ್ರೀಸಿರಲಿ, ಬ್ರಿಟನ್ನಿನ ಆಚೆಗೆ ಅವನು ಕಾಲಿಟ್ಟದ್ದೇ ಇಲ್ಲ. ಅಥೆನ್ಸಿನ ದೇಗುಲಗಳನ್ನೂ ಈಜಿಪ್ಟಿನ ಸ್ತಂಭಗಳನ್ನೂ ಅವನು ಕಂಡದ್ದು ಪುಸ್ತಕಗಳ ಚಿತ್ರಪಟಗಳಲ್ಲಿ. ಕಣ್ಣಾರೆ ಕಂಡವರು ಪ್ರತಿಮಾಡಿದರು. ಕಾಣದ ಇವನು ಕಲ್ಪಿಸಿದ. ಅವನ ಕೆಲಸದ ಹೊಸತನಕ್ಕೆ ಈ ಕೊರತೆಯೇ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ.

1817ರಲ್ಲಿ ಬ್ಯಾಲ್‌ಫ್ರನ್ ಎಂಬ ಹಳ್ಳಿಯಲ್ಲಿ ಅವನು ಹುಟ್ಟಿದ. ತುಂಬು ಸಂಸಾರದ ಹುಡುಗ, ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವನು. ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ಅವನ ಚಿತ್ರಗಳನ್ನು ಕಂಡ ವಾಸ್ತುಶಿಲ್ಪಿಯೊಬ್ಬ ಅವನನ್ನು ತನ್ನ ಬಳಿಗೆ ಕರೆದುಕೊಂಡ. ಮದುವೆಯಾದ ಮೇಲೆ ಅವನು ಸಂಸಾರ ಹೂಡಿದ್ದು ನಗರದ ನದಿಯ ತೆಂಕಣ ದಡದ ಒತ್ತಾದ ಬಡಾವಣೆಯಲ್ಲಿ. ಆ ಕಾಲದ ಗ್ಲಾಸ್ಗೋ ಹೇಗಿತ್ತೆಂಬುದನ್ನು ತುಸು ನೆನೆಯಬೇಕು. ಕಾರ್ಖಾನೆಗಳನ್ನು ಅರಸಿ ಬಂದ ಜನ ಕೋಣೆಗೊಂದು ಕುಟುಂಬವಾಗಿ ತುಂಬಿಕೊಂಡಿದ್ದರು. ಗಾಳಿ ಬೆಳಕಿಲ್ಲ, ಕುಡಿಯುವ ನೀರು ಕೊಳಕು. 1832ರಲ್ಲಿ, 1848-49ರಲ್ಲಿ, ಮತ್ತೆ 1853-54ರಲ್ಲಿ ಕಾಲರಾ ಬಂದು ಸಾವಿರಾರು ಜನರನ್ನು ಒಯ್ದಿತು. 1850ರ ದಶಕದ ನಡುವೆ, ಕೆಲವೇ ವರ್ಷಗಳ ಅಂತರದಲ್ಲಿ, ಥಾಮ್ಸನ್ ದಂಪತಿಗಳ ನಾಲ್ಕು ಮಕ್ಕಳು ತೀರಿಕೊಂಡವು. ಉಳಿದವರನ್ನು ಕಟ್ಟಿಕೊಂಡು ಅವನು ಊರಿನ ದಕ್ಷಿಣದ ಅಂಚಿಗೆ ಸರಿದ. ದೂರದ ಕ್ಯಾಟ್ರಿನ್ ಸರೋವರದ ಶುದ್ಧ ಜಲವನ್ನು ಕಾಲುವೆ ಸುರಂಗಗಳ ಮೂಲಕ ನಗರಕ್ಕೆ ತಂದು 1859ರ ಅಕ್ಟೋಬರಿನಲ್ಲಿ ರಾಣಿಯ ಕೈಯಿಂದ ಅದನ್ನು ಬಿಡಿಸಿದರು. ಮೊರೇ ಪ್ಲೇಸ್ ಎಂಬ ಸಾಲುಮನೆಯ ಕೆಲಸ ಮೊದಲಾದದ್ದೂ ಅದೇ ವರ್ಷ. 1861ರಲ್ಲಿ ಅದು ಮುಗಿದಾಗ ಒಂದನೆಯ ನಂಬರಿನ ಮನೆಗೆ ಥಾಮ್ಸನ್ ತಾನೇ ಬಂದು ಸೇರಿದ. ಎಡಿನ್‌ಬರೋ ನಗರದಲ್ಲಿ ಇದೇ ಹೆಸರಿನ, ಇದಕ್ಕಿಂತ ಹಳೆಯದಾದ, ಬಹಳ ವೈಭವದ ಇನ್ನೊಂದು ಮೊರೇ ಪ್ಲೇಸ್ ಇದೆ. ಅದು ಬೇರೆ, ಇದು ಬೇರೆ.

ಸ್ಟ್ರ್ಯಾತ್‌ಬಂಗೋ ಎಂಬ ಬಡಾವಣೆಯಲ್ಲಿ, ರೈಲುಹಾದಿಗೆ ಎದುರಾಗಿ, ಮೊರೇ ಪ್ಲೇಸಿನ ಹತ್ತು ಮನೆಗಳು ನಿಂತಿವೆ. ಬೀದಿಗೆ ಕಾಣುವುದು ಎರಡೇ ಅಂತಸ್ತು. ಎರಡು ತುದಿಯ ಮನೆಗಳು ತುಸು ಮುಂದಕ್ಕೆ ಚಾಚಿ, ನೆತ್ತಿಯ ಮೇಲೆ ತ್ರಿಕೋನದ ಮುಡಿಯನ್ನು ಹೊತ್ತು, ಚಿಕ್ಕ ಗ್ರೀಕ್ ದೇಗುಲಗಳ ಹಾಗೆ ತೋರುತ್ತವೆ. ಅವುಗಳ ನಡುವೆ ಎಂಟು ಮನೆಗಳು. ಕೆಳ ಅಂತಸ್ತಿನಲ್ಲಿ ಬಾಗಿಲು ಕಿಟಕಿಗಳು ಸರಳವಾಗಿ ಬಂದಿವೆ. ಮೇಲಿನ ಅಂತಸ್ತಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಎಲ್ಲಿಯೂ ಉಸಿರು ಕಡಿಯದೆ, ಚೌಕಾಕಾರದ ಗಿಡ್ಡ ಕಂಬಗಳ ಒಂದು ಸಾಲು. ಎಣಿಸಿದರೆ ಐವತ್ತೆರಡು. ಎಲ್ಲವೂ ಒಂದೇ ಅಳತೆ, ಒಂದೇ ರೂಪ.

ಐವತ್ತೆರಡನ್ನು ಎಂಟರಿಂದ ಭಾಗಿಸಿ ನೋಡಿ. ಮನೆಗೆ ಆರೂವರೆ ಕಂಬ. ಕಂಬಗಳ ಲೆಕ್ಕ ಮನೆಗಳ ಲೆಕ್ಕಕ್ಕೆ ಹೊಂದುವುದೇ ಇಲ್ಲ! ಯಾವ ಮನೆ ಎಲ್ಲಿ ಮುಗಿಯಿತು, ಪಕ್ಕದ್ದು ಎಲ್ಲಿ ತೊಡಗಿತು ಎಂಬುದನ್ನು ಮೇಲಿನ ಅಂತಸ್ತು ಹೇಳುವುದಿಲ್ಲ. ನಡುಗೋಡೆ ಆ ಕಂಬಗಳ ಹಿಂದೆ ಎಲ್ಲಿಯೋ ಬಂದು ನಿಲ್ಲುತ್ತದೆ. ಛಾವಣಿಯ ಮೇಲಣ ಹೊಗೆಗೂಡುಗಳು ಮಾತ್ರ ಗುಟ್ಟನ್ನು ಬಿಟ್ಟುಕೊಡುತ್ತವೆ. ಅವು ನಡುಗೋಡೆಗಳ ನೆತ್ತಿಯಲ್ಲವೆ? ಆ ಹೊಗೆಗೂಡುಗಳ ಕೊಳವೆಗೂ ಥಾಮ್ಸನ್ ಈಜಿಪ್ಟಿನ ತಾವರೆಮೊಗ್ಗಿನ ಆಕಾರವನ್ನು ಕೊಟ್ಟಿದ್ದ. ಬಾತ್ ನಗರದ ಬಗೆಯ ಸಾಲಿನಲ್ಲಿ ಅರಮನೆಯ ನಟನೆಯಿತ್ತು. ಇಲ್ಲಿ ಆ ನಟನೆ ಇಲ್ಲ. ನಡುವಿನಲ್ಲಿ ಹಿರಿಯ ಮನೆಯೆಂಬುದಿಲ್ಲ. ಎಂಟು ಮನೆಗಳಿಗೂ ಒಂದೇ ಗೌರವ. ಸಾಲು ಸಾಲಾಗಿಯೇ ಚೆಲುವಾಗಬಲ್ಲದು, ಅದು ಮತ್ತೊಂದರ ವೇಷ ತೊಡಬೇಕಾಗಿಲ್ಲ ಎಂಬುದನ್ನು ತೋರಿಸಿದ್ದೇ ಥಾಮ್ಸನ್ನನ ಸಾಧನೆ. ಆದರೂ ಮನುಷ್ಯ ಮನುಷ್ಯನೇ. ಎಲ್ಲರನ್ನೂ ಸಮನಾಗಿ ನಿಲ್ಲಿಸಿದ ಆ ಶಿಲ್ಪಿ ತನಗಾಗಿ ಇಟ್ಟುಕೊಂಡದ್ದು ತ್ರಿಕೋನದ ಮುಡಿಯುಳ್ಳ ತುದಿಯ ಮನೆಯನ್ನು.

ಈ ಸಾಲಿನಲ್ಲಿ ಕಮಾನೆಂಬುದಿಲ್ಲ. ಕಮಾನಿನ ಮೇಲೆ ಥಾಮ್ಸನ್ನನಿಗೆ ಒಂದು ಬಗೆಯ ಹಗೆಯೇ ಇತ್ತು. ನೆಟ್ಟ ಕಂಬದ ಮೇಲೆ ಅಡ್ಡ ತೊಲೆ ನೆಮ್ಮದಿಯಾಗಿ ಮಲಗಿರುತ್ತದೆ. ಕಮಾನಾದರೋ ಸದಾ ಇಕ್ಕೆಲಗಳನ್ನೂ ತಳ್ಳುತ್ತಿರುತ್ತದೆ, ಅದರಲ್ಲಿ ವಿಶ್ರಾಂತಿಯಿಲ್ಲ ಎಂಬುದು ಅವನ ವಾದ. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಹೊಸ ಕಟ್ಟಡಕ್ಕೆ ಲಂಡನ್ನಿನ ಗಿಲ್ಬರ್ಟ್ ಸ್ಕಾಟ್ ಗಾಥಿಕ್ ಶೈಲಿಯ ನಕ್ಷೆಯನ್ನು ಕೊಟ್ಟಾಗ, 1866ರಲ್ಲಿ ಥಾಮ್ಸನ್ ಸಭೆಯಲ್ಲಿ ನಿಂತು ಅದನ್ನು ಕಟುವಾಗಿ ಟೀಕಿಸಿದ. ಟೀಕೆಯಿಂದ ಏನೂ ಆಗಲಿಲ್ಲ. ಗಾಥಿಕ್ ಕಟ್ಟಡ ಎದ್ದಿತು. ಹಂಪೆಯ ಮಂಟಪಗಳನ್ನೂ ಬೇಲೂರಿನ ನವರಂಗವನ್ನೂ ಕಂಡು ಬೆಳೆದ ನಮಗೆ ಕಂಬ ತೊಲೆಗಳ ಈ ನೆಮ್ಮದಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಲ್ಲಿನ ಮಾತು. ಮರಳುಗಲ್ಲು ಎಂದರೆ ಹೆಸರೇ ಹೇಳುವಂತೆ ಮರಳು ಕಲ್ಲಾದದ್ದು. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಗ್ಲಾಸ್ಗೋ ಇರುವ ನೆಲದ ಮೇಲೆ ಮಹಾನದಿಗಳು ಹರಿದು ಮರಳನ್ನು ಪದರ ಪದರವಾಗಿ ಹಾಸಿದವು. ಮೇಲಿನ ಹೊರೆಗೆ ಸಿಕ್ಕಿ, ನೀರಿನಲ್ಲಿ ಕರಗಿ ಬಂದ ಖನಿಜಗಳ ಅಂಟು ಹಿಡಿದು, ಆ ಹಾಸು ಕಲ್ಲಾಯಿತು. ಬಾದಾಮಿಯ ಬಂಡೆಗಳ ಮೈಮೇಲೆ ಪುಸ್ತಕದ ಹಾಳೆಗಳಂತೆ ಅಡ್ಡಗೆರೆಗಳನ್ನು ಕಂಡವರಿಗೆ ಇದರ ಹುಟ್ಟು ಅರ್ಥವಾದೀತು. ಬಾದಾಮಿಯ ಕಲ್ಲು ಇದಕ್ಕಿಂತ ಬಹಳ ಹಳೆಯದು, ಬಣ್ಣ ಕೆಂಪು, ಕುಲ ಒಂದೇ. ಗ್ಲಾಸ್ಗೋದ ಸ್ಥಳೀಯ ಕಲ್ಲು ನಸುಹಳದಿ, ಕೆನೆಯ ಬಣ್ಣದ್ದು. ಗಿಫ್ನಾಕ್, ಬಿಷಪ್‌ಬ್ರಿಗ್ಸ್ ಮುಂತಾದ ಸಮೀಪದ ಗಣಿಗಳಿಂದ ಅದು ಬರುತ್ತಿತ್ತು. ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣದ ಡಂಫ್ರೀಸ್ ಕಡೆಯ ಕೆಂಪು ಮರಳುಗಲ್ಲು ರೈಲಿನಲ್ಲಿ ಬರತೊಡಗಿತು. ಆದ್ದರಿಂದ ಆ ನಗರದಲ್ಲಿ ಮನೆಯ ಬಣ್ಣವನ್ನು ನೋಡಿಯೇ ಅದರ ವಯಸ್ಸನ್ನು ಸ್ಥೂಲವಾಗಿ ಹೇಳಬಹುದು: ಹಳದಿಯದು ಹಿರಿಯದು, ಕೆಂಪಿನದು ಕಿರಿಯದು.

ಈ ಕಲ್ಲು ಉಳಿಗೆ ಒಲಿಯುತ್ತದೆ. ನಮ್ಮ ಕಣಶಿಲೆಯ ಹಟ ಇದಕ್ಕಿಲ್ಲ. ಥಾಮ್ಸನ್ ಅದರ ಗುಣವನ್ನು ಅರಿತಿದ್ದ. ಅವನು ಗೋಡೆಯಿಂದ ಉಬ್ಬಿ ಬರುವ ಹೂವು ಬಳ್ಳಿಗಳಿಗಿಂತ ಹೆಚ್ಚಾಗಿ ಕಲ್ಲಿನ ಮೈಯಲ್ಲಿ ಹೂತು ಹೋಗುವ ಗೀರುಚಿತ್ರಗಳನ್ನು ಮೆಚ್ಚಿದ. ಆ ದೇಶದ ಬಿಸಿಲು ಓರೆ, ಬಡಕಲು. ಅಂಥ ಬೆಳಕಿನಲ್ಲಿ ಆಳವಲ್ಲದ ಗೀರೂ ಒಂದು ತೆಳುನೆರಳನ್ನು ಹಿಡಿಯುತ್ತದೆ. ಚೌಕಕಂಬದ ಚೂಪು ಅಂಚು ಸ್ಪಷ್ಟವಾಗಿ ಕಾಣುತ್ತದೆ. ಐವತ್ತೆರಡು ಕಂಬಗಳ ಮೇಲೆ ಬೆಳಕು ಸರಿಯುವಾಗ ಒಂದೇ ನುಡಿಯನ್ನು ಮತ್ತೆ ಮತ್ತೆ ಹಾಡಿದ ಅನುಭವವಾಗುವುದೇ ಹೊರತು ಬೇಸರವಾಗುವುದಿಲ್ಲ. ಬೀದಿಯ ಮುಖಕ್ಕೆ ಮಾತ್ರ ಹೀಗೆ ನಯವಾಗಿ ಕಡೆದ ಕಲ್ಲು. ಇಂಥ ಮನೆಗಳ ಹಿಂಗೋಡೆಯಲ್ಲಿ ಸಾಮಾನ್ಯವಾಗಿ ಒರಟು ಕಾಡುಗಲ್ಲನ್ನೇ ಬಳಸುತ್ತಿದ್ದರು. ಮುಖಕ್ಕೊಂದು, ಬೆನ್ನಿಗೊಂದು, ಇದರಲ್ಲಿ ನಾಚಿಕೆಯೇನೂ ಅವರಿಗೆ ಕಾಣಲಿಲ್ಲ. ಗೋಡೆಯ ದಪ್ಪ ಸುಮಾರು ಎರಡಡಿ. ನಾಲ್ಕು ದಿಕ್ಕಿನ ಬೆಳಕು ಬಿಡಿಮನೆಗೆ ಸಿಕ್ಕಂತೆ ಸಾಲುಮನೆಗೆ ಸಿಕ್ಕದು. ಮುಂದಿನಿಂದ, ಹಿಂದಿನಿಂದ ಬಂದದ್ದಷ್ಟೇ. ನಡುಮನೆಯ ಮೆಟ್ಟಿಲ ಗೂಡು ಕತ್ತಲಾಗದಂತೆ ಆ ಊರಿನವರು ಛಾವಣಿಯಲ್ಲಿ ಗಾಜಿನ ಗುಬ್ಬೆಯಿಟ್ಟು ಮೇಲಿನಿಂದ ಬೆಳಕನ್ನು ಇಳಿಸಿದರು. ನಮ್ಮ ತೊಟ್ಟಿಯ ಮನೆಯ ಆಲೋಚನೆಯೇ. ಆದರೆ ಮಳೆಯೂ ಚಳಿಯೂ ಒಳಗೆ ಬರಕೂಡದು ಅಷ್ಟೆ.

ಮೊರೇ ಪ್ಲೇಸು ಮಧ್ಯಮವರ್ಗದವರದು. ಸಿರಿವಂತರಿಗಾಗಿ ಥಾಮ್ಸನ್ 1860ರ ದಶಕದ ಕೊನೆಯಲ್ಲಿ ಗ್ರೇಟ್ ವೆಸ್ಟರ್ನ್ ಟೆರೇಸನ್ನು ಯೋಚಿಸಿದ. ಹೆದ್ದಾರಿಗಿಂತ ಎತ್ತರವಾಗಿ ಜಗಲಿ ಕಟ್ಟಿ ನಿಲ್ಲಿಸಿದ ಹನ್ನೊಂದು ಮನೆಗಳು. ಇಲ್ಲಿ ಕಂಬಗಳ ಸಾಲಿಲ್ಲ. ಬಾಗಿಲ ಮುಂದಣ ಮೊಗಸಾಲೆಗಳನ್ನು ಬಿಟ್ಟರೆ ಇರುವುದು ನಯಗಲ್ಲಿನ ಗೋಡೆ, ಅದರಲ್ಲಿ ಅಳೆದು ತೂಗಿ ಬಿಟ್ಟ ಕಿಟಕಿಗಳು. ಮೂರಂತಸ್ತಿನ ಎತ್ತರದ ಎರಡು ಭಾಗಗಳನ್ನು ವಾಡಿಕೆಯಂತೆ ತುದಿಗಳಲ್ಲಿಡದೆ ಒಳಕ್ಕೆ ಸರಿಸಿದ್ದಾನೆ. ಅಷ್ಟರಿಂದಲೇ ಸಾಲು ಬಿಗಿಯಾಗಿ ನಿಲ್ಲುತ್ತದೆ. ಹಡಗುಗಳ ಒಡೆಯನೂ ಕಲಾಸಂಗ್ರಹಕಾರನೂ ಆದ ವಿಲಿಯಂ ಬರೆಲ್, ತನ್ನ ಸಂಗ್ರಹವನ್ನು 1944ರಲ್ಲಿ ನಗರಕ್ಕೆ ಕೊಟ್ಟವನು, ಒಂದು ಕಾಲದಲ್ಲಿ ಇಲ್ಲಿಯ ಎಂಟನೆಯ ಮನೆಯಲ್ಲಿದ್ದ. ಬಲ್ಲವರು ಕೆಲವರು ಇದನ್ನೇ ಥಾಮ್ಸನ್ನನ ಹಿರಿಯ ಕೃತಿಯೆನ್ನುತ್ತಾರೆ. ನನ್ನ ಒಲವು ಮೊರೇ ಪ್ಲೇಸಿನ ಕಡೆಗೆ.

1875ರ ಮಾರ್ಚಿಯಲ್ಲಿ, ಐವತ್ತೇಳರ ವಯಸ್ಸಿನಲ್ಲಿ, ಥಾಮ್ಸನ್ ಮೊರೇ ಪ್ಲೇಸಿನ ತನ್ನ ಮನೆಯಲ್ಲಿಯೇ ತೀರಿಕೊಂಡ. ಅವನ ಕೀರ್ತಿಯ ಕಟ್ಟಡಗಳಿಗೆ ಮುಂದಿನ ಶತಮಾನ ಕರುಣೆ ತೋರಲಿಲ್ಲ. ಕ್ವೀನ್ಸ್ ಪಾರ್ಕ್ ಇಗರ್ಜಿ 1943ರಲ್ಲಿ ಯುದ್ಧದ ಬಾಂಬಿಗೆ ಸುಟ್ಟುಹೋಯಿತು. ಕ್ಯಾಲಿಡೋನಿಯಾ ರಸ್ತೆಯ ಇಗರ್ಜಿ 1965ರಲ್ಲಿ ಬೆಂಕಿಗೆ ತುತ್ತಾಗಿ ಬರಿಯ ಚಿಪ್ಪಾಗಿ ಉಳಿಯಿತು. ಮನೆಗಳ ಸಾಲು ಮಾತ್ರ ನಿಂತಿತು. ಒಳಗೆ ಜನ ಬಾಳುತ್ತಿದ್ದುದರಿಂದ, ಸೋರಿದಾಗ ಯಾರಾದರೂ ಮಾಡು ಹತ್ತಿ ನೋಡುತ್ತಿದ್ದುದರಿಂದ, ನಿಂತಿತು.

ಆದರೆ ನಿಂತದ್ದೆಲ್ಲ ಕುಶಲವಾಗಿದೆ ಎಂದಲ್ಲ. ಮರಳುಗಲ್ಲಿಗೆ ಶತ್ರು ನೀರು. ಹಾಳೆಗಳ ಕಟ್ಟನ್ನು ನೆಲದ ಮೇಲೆ ಮಲಗಿಸಿದರೆ ಮೇಲಿನ ಭಾರವೇ ಹಾಳೆಗಳನ್ನು ಅದುಮಿ ಹಿಡಿಯುತ್ತದೆ. ಎತ್ತಿ ನಿಲ್ಲಿಸಿದರೆ ಹೊರಗಿನ ಹಾಳೆ ಕಳಚಿ ಬೀಳುತ್ತದೆ. ಕಲ್ಲೂ ಹಾಗೆಯೇ. ಗಣಿಯಲ್ಲಿ ಮಲಗಿದ್ದಂತೆಯೇ ಗೋಡೆಯಲ್ಲಿಯೂ ಮಲಗಿಸಬೇಕು. ಅವಸರದಲ್ಲಿ ಪದರವನ್ನು ಬೀದಿಗೆ ಮುಖಮಾಡಿ ನಿಲ್ಲಿಸಿದ ಕಡೆ ನೀರು ಹೊಕ್ಕು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಕಲ್ಲಿನ ತೊಗಲು ಸುಲಿದು ಬರುತ್ತದೆ. ಹಳಬರು ಕಲ್ಲುಗಳ ಸಂದಿಗೆ ಸುಣ್ಣದ ಗಾರೆಯನ್ನು ತುಂಬಿದ್ದರು. ಗಾರೆ ಕಲ್ಲಿಗಿಂತ ಮೆದು. ಗೋಡೆ ಕುಡಿದ ನೀರು ಆ ಸಂದಿಗಳ ಮೂಲಕ ಆವಿಯಾಗಿ ಹೋಗುತ್ತಿತ್ತು. ಸವೆದರೆ ಗಾರೆ ಸವೆಯುತ್ತಿತ್ತು, ಕಲ್ಲು ಉಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದವರು ಬಲವೇ ಹಿತವೆಂದು ನಂಬಿ ಸಂದಿಗಳಿಗೆ ಸಿಮೆಂಟನ್ನು ಬಳಿದರು. ಸಿಮೆಂಟು ಗಟ್ಟಿ, ನೀರನ್ನು ಬಿಡದು. ದಾರಿ ಮುಚ್ಚಿದ ನೀರು ಕಲ್ಲಿನ ಮೂಲಕವೇ ಹೊರಗೆ ಬರಬೇಕಾಯಿತು. ಬರುವಾಗ ತಂದ ಲವಣಗಳು ಕಲ್ಲಿನ ಮೈಯನ್ನು ಪುಡಿಮಾಡಿದವು. ಸಿಮೆಂಟಿನ ಗೆರೆ ಜಾಲರಿಯಂತೆ ಮುಂದೆ ನಿಂತು, ಅದು ಕಾಯಬೇಕಾಗಿದ್ದ ಕಲ್ಲು ಹಿಂದಕ್ಕೆ ಸವೆದು ಹೋದ ಗೋಡೆಗಳನ್ನು ಆ ನಗರದಲ್ಲಿ ಈಗಲೂ ನೋಡಬಹುದು.

ಶುಚಿಯ ಹೆಸರಿನಲ್ಲಿಯೂ ಪೆಟ್ಟು ಬಿತ್ತು. ಕಲ್ಲಿದ್ದಲ ಹೊಗೆ ಒಂದು ಶತಮಾನ ಕೆನೆಬಣ್ಣದ ಆ ಗೋಡೆಗಳನ್ನು ಮಸಿಯಾಗಿಸಿತ್ತು. 1956ರ ಶುದ್ಧವಾಯು ಕಾಯಿದೆಯ ನಂತರ ಹೊಗೆ ಇಳಿಯಿತು. 1970 ಮತ್ತು 1980ರ ದಶಕಗಳಲ್ಲಿ ಗ್ಲಾಸ್ಗೋ ತನ್ನ ಮುಖವನ್ನು ತೊಳೆದುಕೊಳ್ಳಲು ಹೊರಟಿತು. ಮರಳನ್ನು ರಭಸದಿಂದ ಊದಿ ಉಜ್ಜಿದರು, ಆಮ್ಲಗಳಿಂದ ತೊಳೆದರು. ಬಣ್ಣ ಬಂದಿತು, ನಗರವಾಸಿಗಳು ಹಿಗ್ಗಿದರು. ಅದರ ಜೊತೆಗೆ ಕೆಲವೆಡೆ ಶಿಲ್ಪಿಯ ಉಳಿಯ ಗುರುತು, ಕಂಬದ ಚೂಪು ಅಂಚು, ತೆಳುಗೀರಿನ ಚಿತ್ರ ಎಲ್ಲವೂ ಸವೆದು ಮೊಂಡಾದವು. ಥಾಮ್ಸನ್ನನಂಥವನ ಕೆಲಸಕ್ಕೆ ಅಂಚೇ ಪ್ರಾಣವೆಂಬುದನ್ನು ನೆನೆದರೆ ನಷ್ಟದ ಅಳತೆ ತಿಳಿಯುತ್ತದೆ.

ಬಿಡಿಮನೆಯಾಗಿದ್ದರೆ ಇದು ಒಬ್ಬ ಯಜಮಾನನ ತಲೆನೋವು. ಸಾಲುಮನೆಯ ಸಂಕಟ ಬೇರೆ. ಮೂರನೆಯ ಮನೆಯ ಮಳೆಕಾಲುವೆಯಲ್ಲಿ ಎಲೆ ಕಟ್ಟಿಕೊಂಡರೆ ನಾಲ್ಕನೆಯ ಮನೆಯ ಮಲಗುವ ಕೋಣೆಯ ಗೋಡೆಯಲ್ಲಿ ಹಸಿ ಮೂಡುತ್ತದೆ. ಒಬ್ಬ ತನ್ನ ಪಾಲಿನ ಮುಖಕ್ಕೆ ಬಣ್ಣ ಬಳಿದರೆ ಐವತ್ತೆರಡು ಕಂಬಗಳ ಹಾಡಿನಲ್ಲಿ ಆರೇಳು ಅಪಸ್ವರ ಹೊಮ್ಮುತ್ತದೆ. ಹಿಂದೆ ಸ್ಕಾಟ್ಲೆಂಡಿನಲ್ಲಿ ಭೂಮಿಯ ಮೂಲ ಒಡೆಯರು ಹಕ್ಕುಪತ್ರದಲ್ಲಿಯೇ ಷರತ್ತುಗಳನ್ನು ಬರೆದು ಮುಖಗೋಡೆಯ ಏಕರೂಪವನ್ನು ಕಾಯಬಹುದಾಗಿತ್ತು. ಆ ಊಳಿಗಮಾನ್ಯ ಪದ್ಧತಿ 2004ರ ನವೆಂಬರಿನಲ್ಲಿ ಕೊನೆಗೊಂಡಿತು. ಮೇಲೊಂದು ಕೆಳಗೊಂದು ವಸತಿಗಳಿರುವ ಕಟ್ಟಡಗಳಿಗೆ ಅದೇ ವರ್ಷದ ಕಾಯಿದೆ ಒಂದು ಏರ್ಪಾಟು ಮಾಡಿತು: ಬಹುಮತದವರು ದುರಸ್ತಿಗೆ ಒಪ್ಪಿದರೆ ಉಳಿದವರೂ ಪಾಲು ಕೊಡಬೇಕು. ಅಕ್ಕಪಕ್ಕ ನಿಂತ ಸಾಲುಮನೆಗಳಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಮೊರೇ ಪ್ಲೇಸು ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅತ್ಯುಚ್ಚ ವರ್ಗಕ್ಕೆ ಸೇರಿದ್ದು. ಆದ್ದರಿಂದ ಅದನ್ನು ಅನುಮತಿಯಿಲ್ಲದೆ ಕೆಡಿಸುವಂತಿಲ್ಲ, ಬದಲಿಸುವಂತಿಲ್ಲ. ಆದರೆ ಹತ್ತು ಮನೆಯವರೂ ಒಂದೇ ದಿನ ಏಣಿ ಹಾಕಬೇಕೆಂದು ಹೇಳುವ ಶಾಸನವಿಲ್ಲ. ಆ ಮಾತನ್ನು ಅವರವರೇ ಕೂತು ಆಡಿಕೊಳ್ಳಬೇಕು.

ಆಡಿಕೊಂಡು ಒಪ್ಪಿದ ಮೇಲೆ ಕಲ್ಲಿನ ಪ್ರಶ್ನೆ. ಗ್ಲಾಸ್ಗೋವನ್ನು ಕಟ್ಟಿದ ಹಳದಿ ಕಲ್ಲಿನ ಸಮೀಪದ ಗಣಿಗಳು ಮುಚ್ಚಿ ಬಹುಕಾಲವಾಯಿತು. ಅವುಗಳ ಮೇಲೆ ಈಗ ಬಡಾವಣೆಗಳಿವೆ. ತೇಪೆಗೆ ಬೇಕಾದ ಕಲ್ಲು ಉತ್ತರ ಇಂಗ್ಲೆಂಡಿನಿಂದ ಬರಬೇಕು. ಬಣ್ಣ ಹೊಂದಿದರೆ ಸಾಲದು. ಕಣದ ಗಾತ್ರ ಹೊಂದಬೇಕು, ನೀರು ಕುಡಿಯುವ ಗುಣ ಹೊಂದಬೇಕು, ಇಲ್ಲವಾದರೆ ಹೊಸ ಕಲ್ಲು ಒಣಗಿ ನಿಂತು ನೆರೆಯ ಹಳೆಯ ಕಲ್ಲು ಅದರ ಪಾಲಿನ ನೀರನ್ನೂ ಕುಡಿದು ಬೇಗ ಸಾಯುತ್ತದೆ. ಆದ್ದರಿಂದ ಬಲ್ಲ ಕೆಲಸಗಾರರು ಮೊದಲು ಹಳೆಯ ಕಲ್ಲಿನ ಚೂರೊಂದನ್ನು ತೆಗೆದು, ಗಾಜಿನಷ್ಟು ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ. ಅದಕ್ಕೆ ಒಪ್ಪುವ ಗಣಿಯನ್ನು ಹುಡುಕುತ್ತಾರೆ. ಆಮೇಲೆ ಸಿಮೆಂಟನ್ನು ಕೈಯುಳಿಯಿಂದ ಮೆಲ್ಲಗೆ ಕೆತ್ತಿ ತೆಗೆದು, ಸಂದಿಗೆ ಸುಣ್ಣದ ಗಾರೆಯನ್ನು ಮತ್ತೆ ತುಂಬುತ್ತಾರೆ. ಹಿಮ ಬೀಳುವ ತಿಂಗಳುಗಳಲ್ಲಿ ಹಸಿಗಾರೆ ಹೆಪ್ಪುಗಟ್ಟಿ ಒಡೆಯುವುದರಿಂದ ಆ ಕೆಲಸವನ್ನು ಬೇಸಗೆಗೇ ಇಟ್ಟುಕೊಳ್ಳುತ್ತಾರೆ.